ಹಿಮ್ಮಡಿಯೋ ಮುಂಗಾಲೋ ಎಂದು ಕೇಳುವ ಮೊದಲು

ಮಂಗಳಾ ಸ್ಟೇಡಿಯಂನಲ್ಲಾಗಲಿ ಉಡುಪಿಯ ಅಜ್ಜರಕಾಡಿನಲ್ಲಾಗಲಿ ಬೆಳಗ್ಗೆ ಆರು ಗಂಟೆಗೆ ನಾಲ್ಕು ಸುತ್ತು ಹಾಕಿದರೆ ಸಾಕು, ಹೊಸದಾಗಿ ಓಡಲು ಶುರುಮಾಡಿದವರಿಗೆ ಪುಕ್ಕಟೆ ಸಿಗುವ ಉಪದೇಶ ಒಂದೇ: "ಹಿಮ್ಮಡಿ ಊರ್ಬೇಡಿ ಮಾರಾಯ್ರೆ, ಮೊಣಗಂಟು ಹೋಗ್ತದೆ. ಮುಂಗಾಲಲ್ಲಿ ಓಡಿ." ಕೇಳಿದವರು ಮರುದಿನದಿಂದಲೇ ತುದಿಗಾಲಲ್ಲಿ ಕುಪ್ಪಳಿಸತೊಡಗುತ್ತಾರೆ. ಒಂದೆರಡು ವಾರದಲ್ಲಿ ಮೀನಖಂಡ ಕಲ್ಲಾಗುತ್ತದೆ. ಇನ್ನೂ ಕೆಲವು ವಾರ ಕಳೆದರೆ ಬೆಳಗ್ಗೆ ಹಾಸಿಗೆಯಿಂದ ಇಳಿಯುವಾಗ ಹಿಮ್ಮಡಿಯ ಮೇಲಿನ ದಪ್ಪ ನರ ಹಿಡಿದುಕೊಳ್ಳುತ್ತದೆ. ಮೊಣಗಂಟು ನೋವು ಹೋಯಿತು, ನಿಜ. ಜೊತೆಗೆ ಓಟವೂ ಹೋಯಿತು.

ಆ ಉಪದೇಶ ಪೂರ್ತಿ ಸುಳ್ಳೂ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಚಿಕ್ಕಂದಿನಿಂದ ಬರಿಗಾಲಲ್ಲೇ ಓಡಿದವರು ಹೆಚ್ಚಾಗಿ ಮುಂಗಾಲು ಊರುತ್ತಾರೆ, ಹಿಮ್ಮಡಿ ಮೊದಲು ಊರಿದಾಗ ಬರುವ ಆ ಚುರುಕಾದ ಮೊದಲ ಹೊಡೆತ ಅವರಲ್ಲಿ ಕಾಣಿಸುವುದಿಲ್ಲ ಎನ್ನುವುದು ಅದರ ಸಾರ. ಆಮೇಲೆ ಬರಿಗಾಲು ಓಟದ ಗಾಳಿಯೇ ಬೀಸಿತು. ಐದು ಬೆರಳಿನ ಶೂಗಳು ಬಂದವು. 2013ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಇಂಥ ಶೂಗೆ ಹತ್ತು ವಾರಗಳಲ್ಲಿ ಹೊಂದಿಕೊಳ್ಳಲು ಹೊರಟವರ ಪಾದವನ್ನು ಎಂಆರ್‌ಐ ಮಾಡಿ ನೋಡಿದರೆ, ಅರ್ಧಕ್ಕಿಂತ ಹೆಚ್ಚು ಜನರ ಪಾದದ ಎಲುಬಿನೊಳಗೆ ಪೆಟ್ಟಿನ ಗುರುತಾದ ಊತ ಇತ್ತು. ಮರುವರ್ಷ ಈ ಐದು ಬೆರಳಿನ ಶೂ ಮಾಡುವ ವಿಬ್ರಮ್ ಕಂಪೆನಿ ತನ್ನ ಶೂಗಳ ಆರೋಗ್ಯ ಲಾಭದ ಜಾಹೀರಾತಿನ ಮೊಕದ್ದಮೆಯನ್ನು 37.5 ಲಕ್ಷ ಡಾಲರ್ ಕೊಟ್ಟು ರಾಜಿಯಲ್ಲಿ ಮುಗಿಸಿಕೊಂಡಿತು. ಅಲ್ಲಿಗೆ ಗಾಳಿ ಇಳಿಯಿತು. ಉಪದೇಶ ಮಾತ್ರ ನಮ್ಮ ಟ್ರ್ಯಾಕುಗಳಲ್ಲಿ ಉಳಿದುಕೊಂಡಿದೆ.

ಇನ್ನೊಂದು ಬದಿಯನ್ನೂ ನೋಡಿ. 2004ರ ಸಪ್ಪೊರೊ ಹಾಫ್ ಮ್ಯಾರಥಾನಿನ 15ನೇ ಕಿಲೋಮೀಟರಿನಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ನಾಲ್ವರಲ್ಲಿ ಮೂವರು ಹಿಮ್ಮಡಿ ಊರುವವರೇ. 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ ಮ್ಯಾರಥಾನಿನಲ್ಲೂ ಬಹುಪಾಲು ಓಟಗಾರರು ಹಾಗೆಯೇ ಓಡಿದರು. ಲೋಕದ ಅತಿ ವೇಗದ ಓಟಗಾರರೇ ಹಿಮ್ಮಡಿ ಊರುತ್ತಾರೆ ಎಂದಮೇಲೆ ಅದನ್ನು ಕಾಯಿಲೆ ಎನ್ನುವುದು ಹೇಗೆ? ಮುಂಗಾಲಲ್ಲಿ ಓಡಿದರೆ ಶಕ್ತಿ ಉಳಿಯುತ್ತದೆ ಎನ್ನುವ ವಾದವೂ ನಿಲ್ಲುವುದಿಲ್ಲ. ಅದೇ 2013ರಲ್ಲಿ ಆ್ಯಲಿಸನ್ ಗ್ರೂಬರ್ ಮತ್ತು ಸಂಗಡಿಗರು ಆಮ್ಲಜನಕದ ಬಳಕೆ ಅಳೆದು ನೋಡಿದರು. ಹಿಮ್ಮಡಿಯವರು ಮುಂಗಾಲಿಗೆ ಬದಲಾದರೆ ಉಳಿತಾಯವೇನೂ ಆಗಲಿಲ್ಲ, ನಿಧಾನದ ಮತ್ತು ಮಧ್ಯಮ ವೇಗದಲ್ಲಿ ಖರ್ಚು ಹೆಚ್ಚೇ ಆಯಿತು.

ನಮ್ಮ ಊರಿನಲ್ಲಿ ಈ ಮಾತು ಬಂದರೆ ಯಾರಾದರೊಬ್ಬರು ಕಂಬಳ ಎತ್ತದೆ ಬಿಡುವುದಿಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಗದ್ದೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಬರಿಗಾಲಲ್ಲಿ ಓಡಿದರಲ್ಲ, ಅವರು ಹಿಮ್ಮಡಿ ಊರಿದ್ದರಾ ಎನ್ನುತ್ತಾರೆ. ಅದು ಹದಿನಾಲ್ಕು ಸೆಕೆಂಡಿನ ಓಟ. ಕೆಳಗೆ ಕೆಸರು, ಮುಂದೆ ಎಳೆಯುವ ಕೋಣಗಳು. ವೇಗ ಹೆಚ್ಚಿದಷ್ಟೂ ಯಾರ ಪಾದವಾದರೂ ತಾನಾಗಿ ಮುಂಗಾಲಿನ ಕಡೆ ಸರಿಯುತ್ತದೆ, ಶಾಲೆಯ ಮಕ್ಕಳ ನೂರು ಮೀಟರ್ ಓಟದಲ್ಲೂ ಅದು ಕಾಣುತ್ತದೆ. ಕಿಲೋಮೀಟರಿಗೆ ಆರು ನಿಮಿಷದಂತೆ ಹತ್ತು ಕಿಲೋಮೀಟರ್ ಓಡುವವರು ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಹೆಜ್ಜೆ ಹಾಕುತ್ತಾರೆ. ಎರಡಕ್ಕೂ ಒಂದೇ ನಿಯಮ ಹಚ್ಚಿದರೆ ಕೆಡುವುದು ಮೀನಖಂಡ.

ಹಾಗಾದರೆ ನೋಡಬೇಕಾದ್ದು ಎಂತ? ಪಾದದ ಯಾವ ಭಾಗ ಮೊದಲು ನೆಲ ಮುಟ್ಟಿತು ಎನ್ನುವುದು ಎರಡನೆಯ ಪ್ರಶ್ನೆ. ದೇಹದಿಂದ ಎಷ್ಟು ಮುಂದೆ ಮುಟ್ಟಿತು ಎನ್ನುವುದು ಮೊದಲನೆಯದು.

ಕಾಲನ್ನು ಮುಂದಕ್ಕೆ ಚಾಚಿ, ಮೊಣಗಂಟು ನೆಟ್ಟಗಿಟ್ಟು, ಹಿಮ್ಮಡಿ ಕುಟ್ಟಿದರೆ ಎರಡು ಕೆಡುಕು ಒಟ್ಟಿಗೆ ಆಗುತ್ತವೆ. ನೆಲ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ, ಅಂದರೆ ಪ್ರತಿ ಹೆಜ್ಜೆಗೂ ಒಂದಿಷ್ಟು ಬ್ರೇಕ್ ಒತ್ತಿ ಮತ್ತೆ ವೇಗ ತುಂಬಿಕೊಳ್ಳುವ ದಂಡದ ಕೆಲಸ. ಮೇಲಾಗಿ ಹೊಡೆತ ನುಂಗಬೇಕಾದ ಮೊಣಗಂಟು ಮಡಚಿರುವುದಿಲ್ಲ. ಓಡುವಾಗ ಒಂದು ಕಾಲಿನ ಮೇಲೆ ಬೀಳುವ ಭಾರ ದೇಹತೂಕದ ಎರಡರಿಂದ ಮೂರು ಪಟ್ಟು. 70 ಕೆಜಿಯವರಿಗೆ ಎರಡೂವರೆ ಪಟ್ಟೆಂದು ಹಿಡಿದರೂ 175 ಕೆಜಿ. ಪಾದ ನೆಲದಲ್ಲಿರುವುದು ಸುಮಾರು ಕಾಲು ಸೆಕೆಂಡು, ಹಿಮ್ಮಡಿಯ ಮೊದಲ ಹೊಡೆತ ಬಂದು ಹೋಗುವುದು ಅದರಲ್ಲೂ ಮೊದಲ 50 ಮಿಲಿಸೆಕೆಂಡಿನೊಳಗೆ. ಮುಂಗಾಲಿಗೆ ಬದಲಾಯಿಸಿದರೆ ಈ ಭಾರ ಎಲ್ಲಿಗೂ ಓಡಿಹೋಗುವುದಿಲ್ಲ. ಮೊಣಗಂಟಿನದು ಕಡಿಮೆಯಾಗಿ ಮೀನಖಂಡ, ಅಕಿಲಿಸ್ ಟೆಂಡನ್ (ಹಿಮ್ಮಡಿಯ ಮೇಲಿನ ಆ ದಪ್ಪ ನರ) ಮತ್ತು ಬೆರಳ ಬುಡದ ಉದ್ದೆಲುಬುಗಳ ತಲೆಗೆ ಬೀಳುತ್ತದೆ. ಇಷ್ಟು ವರ್ಷ ಹಗುರ ಕೆಲಸ ಮಾಡಿಕೊಂಡಿದ್ದ ಅವಕ್ಕೆ ಮುನ್ಸೂಚನೆ ಬೇಕು.

ಮೊದಲು ವಿಡಿಯೋ

ಶೂ ಸವೆತ ನೋಡಿ ತೀರ್ಮಾನಿಸಬೇಡಿ. ಹಿಮ್ಮಡಿಯ ಹೊರಬದಿ ಸವೆಯುವುದು ತೀರಾ ಸಾಮಾನ್ಯ, ನಡೆಯುವಾಗಲೂ ಸವೆಯುತ್ತದೆ. "ನಾನು ನಡುಪಾದ ಊರುತ್ತೇನೆ" ಎಂಬ ಅನಿಸಿಕೆಯನ್ನೂ ನಂಬಬೇಡಿ, ಹಾಗೆ ಹೇಳುವ ಎಷ್ಟೋ ಜನ ವಿಡಿಯೋದಲ್ಲಿ ಹಿಮ್ಮಡಿ ಊರುತ್ತಿರುತ್ತಾರೆ.

ಫೋನಿನ ಸ್ಲೋ ಮೋಷನ್ ಬೇಕು, ಸೆಕೆಂಡಿಗೆ 240 ಫ್ರೇಮ್ ಇದ್ದರೆ ಒಳ್ಳೆಯದು, 120 ಆದರೂ ನಡೆಯುತ್ತದೆ. ಸಾಮಾನ್ಯ 30 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮಿಗೂ ಇನ್ನೊಂದಕ್ಕೂ 33 ಮಿಲಿಸೆಕೆಂಡ್ ಅಂತರ. ನಮಗೆ ಬೇಕಾದ ಆ 50 ಮಿಲಿಸೆಕೆಂಡಿನಲ್ಲಿ ಒಂದೋ ಎರಡೋ ಚಿತ್ರ ಸಿಕ್ಕರೆ ಪುಣ್ಯ. ಫೋನನ್ನು ಮೊಣಗಂಟಿನ ಎತ್ತರದಲ್ಲಿ, ಓಡುವ ದಾರಿಗೆ ಅಡ್ಡಲಾಗಿ, ಮೂರು ನಾಲ್ಕು ಮೀಟರ್ ದೂರದಲ್ಲಿ ಅಲುಗಾಡದಂತೆ ಇಡಿ. ಹತ್ತು ನಿಮಿಷ ಓಡಿ ಬಿಸಿಯಾದಮೇಲೆ ಅದರ ಎದುರಿನಿಂದ ಐದಾರು ಸಲ ಮಾಮೂಲು ವೇಗದಲ್ಲಿ ಹಾದುಹೋಗಿ. ಮೊದಲಿನ ಒಂದೆರಡು ಸಲ ಎಲ್ಲರೂ ಕ್ಯಾಮೆರಾಕ್ಕಾಗಿ ಚಂದ ಓಡುತ್ತಾರೆ, ಅವನ್ನು ಬಿಟ್ಟುಬಿಡಿ. ಹಿಂದಿನಿಂದಲೂ ಒಂದು ತೆಗೆಯಿರಿ. ಜಾಗಕ್ಕೆ ಟ್ರ್ಯಾಕಿನ ನೇರ ಭಾಗವೇ ಸರಿ. ಮಲ್ಪೆಯ ಮರಳಿನಲ್ಲಿ ತೆಗೆದ ವಿಡಿಯೋ ನೋಡಲು ಚಂದ, ಆದರೆ ಪಾದ ಹುಗಿದುಹೋಗುವುದರಿಂದ ಕೋನ ಯಾವುದೂ ಸರಿ ಕಾಣುವುದಿಲ್ಲ.

ಪಾದ ನೆಲ ಮುಟ್ಟಿದ ಮೊದಲ ಫ್ರೇಮಿನಲ್ಲಿ ನಿಲ್ಲಿಸಿ ಕಣಕಾಲನ್ನು, ಅಂದರೆ ಮೊಣಗಂಟಿನಿಂದ ಪಾದದ ಕೀಲಿನವರೆಗಿನ ಭಾಗವನ್ನು ನೋಡಿ. ಅದು ನೆಲಕ್ಕೆ ಹೆಚ್ಚುಕಡಿಮೆ ಲಂಬವಾಗಿದ್ದು ಮೊಣಗಂಟು ತುಸು ಮಡಚಿದ್ದರೆ, ಹಿಮ್ಮಡಿ ಮೊದಲು ಮುಟ್ಟಿದರೂ ತೊಂದರೆಯಿಲ್ಲ. ಪಾದದ ಕೀಲು ಮೊಣಗಂಟಿಗಿಂತ ಸ್ಪಷ್ಟವಾಗಿ ಮುಂದಿದ್ದು, ಕಣಕಾಲು ಹಿಂದಕ್ಕೆ ವಾಲಿ, ಶೂವಿನ ಮೂತಿ ಆಕಾಶ ನೋಡುತ್ತಿದ್ದರೆ ಅದೇ ಚಾಚು ಹೆಜ್ಜೆ. ಇನ್ನೊಂದು ವಿಧ ಉಂಟು, ಯಾರ ಕಣ್ಣಿಗೂ ಬೇಗ ಬೀಳದ್ದು: ಕಾಲು ಅಷ್ಟೇ ಮುಂದೆ ಚಾಚಿರುತ್ತದೆ, ಆದರೆ ಉಪದೇಶ ಕೇಳಿದವರಾದ್ದರಿಂದ ಬೆರಳನ್ನು ಕೆಳಗೆ ಚೂಪು ಮಾಡಿ ಮುಂಗಾಲು ಊರಿರುತ್ತಾರೆ. ಇಲ್ಲಿ ಬ್ರೇಕೂ ಉಳಿಯಿತು, ಅಕಿಲಿಸ್ ಮೇಲಿನ ಭಾರವೂ ಸೇರಿತು. ಎಲ್ಲ ಬಗೆಗಳಲ್ಲಿ ಕೆಟ್ಟದ್ದು ಇದು.

ಹಿಂದಿನ ವಿಡಿಯೋದಲ್ಲಿ ಎರಡೇ ವಿಷಯ. ಎಡ ಬಲ ಪಾದಗಳು ಒಂದೇ ಗೆರೆಯ ಮೇಲೆ, ಅಥವಾ ಗೆರೆ ದಾಟಿ ಒಂದರ ಜಾಗದಲ್ಲಿ ಇನ್ನೊಂದು ಬೀಳುತ್ತವೆಯೇ? ಒಂಟಿ ಕಾಲಲ್ಲಿರುವಾಗ ಎದುರು ಬದಿಯ ಸೊಂಟ ಕುಸಿಯುತ್ತದೆಯೇ? ಮೊಣಗಂಟಿನ ಹೊರಬದಿಯಲ್ಲಿ ನೋವು ಬರುವವರಲ್ಲಿ ಇವೆರಡು ಹೆಚ್ಚಾಗಿ ಕಾಣುತ್ತವೆ. ಟ್ರ್ಯಾಕಿನ ಲೇನ್ ಗೆರೆಯನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಯಾವ ಪಾದವೂ ಅದನ್ನು ಮೆಟ್ಟದಂತೆ ಓಡುವುದು ಸುಲಭದ ಅಭ್ಯಾಸ.

ಹೆಜ್ಜೆಯ ಲೆಕ್ಕ

ಚಾಚು ಹೆಜ್ಜೆ ತಿದ್ದಲು ಪಾದಕ್ಕೆ ಕೈಹಾಕಬೇಕಾಗಿಲ್ಲ. ಅದೇ ವೇಗದಲ್ಲಿ ನಿಮಿಷಕ್ಕೆ ಹಾಕುವ ಹೆಜ್ಜೆ ಹೆಚ್ಚಿಸಿದರೆ ಪಾದ ತಾನಾಗಿ ದೇಹದ ಹತ್ತಿರ ಬೀಳುತ್ತದೆ. 2011ರಲ್ಲಿ ಬ್ರಯನ್ ಹೈಡರ್‌ಶೈಟ್ ತಂಡ ತೋರಿಸಿದ್ದು ಇದನ್ನೇ: ಹೆಜ್ಜೆ ದರವನ್ನು ಶೇಕಡಾ 5ರಿಂದ 10ರಷ್ಟು ಏರಿಸಿದರೆ ಮೊಣಗಂಟು ಮತ್ತು ಸೊಂಟದ ಕೀಲಿನ ಮೇಲಿನ ಭಾರ ಗಮನಾರ್ಹವಾಗಿ ಇಳಿಯುತ್ತದೆ.

ಬಲಗಾಲು ಊರುವುದನ್ನು 30 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 40 ಬಂದರೆ ದರ 160. ಅದರ ಶೇಕಡಾ 5 ಅಂದರೆ 8. ಗುರಿ 168. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ 160ಕ್ಕೆ ಒಂದು ಹೆಜ್ಜೆ ಸುಮಾರು 104 ಸೆಂಟಿಮೀಟರ್, 168ಕ್ಕೆ 99. ಬದಲಾಗುವುದು ಬರೀ ಐದು ಸೆಂಟಿಮೀಟರ್. ಹೊರಗಿನಿಂದ ನೋಡುವವರಿಗೆ ಗೊತ್ತೂ ಆಗದು.

ಎಲ್ಲರೂ 180 ಮುಟ್ಟಬೇಕು ಎನ್ನುವ ಮಾತೂ ಚಾಲ್ತಿಯಲ್ಲುಂಟು. ಅದು ಬಂದದ್ದು ತರಬೇತುದಾರ ಜ್ಯಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದ್ದರಿಂದ. ಅವರೆಲ್ಲ ಒಲಿಂಪಿಕ್ ಸ್ಪರ್ಧೆಯ ವೇಗದಲ್ಲಿದ್ದವರು. ಆರಡಿ ಎತ್ತರದವರೊಬ್ಬರು ಕಿಲೋಮೀಟರಿಗೆ ಏಳು ನಿಮಿಷದ ಓಟದಲ್ಲಿ 180 ಹಾಕಲು ಹೊರಟರೆ ನಿಂತಲ್ಲೇ ಕುಣಿದಂತಾಗುತ್ತದೆ. ನಿಮ್ಮ ದರಕ್ಕೆ ಐದು ಶೇಕಡಾ ಕೂಡಿಸಿ, ಸಾಕು.

ಅಭ್ಯಾಸ ಹೀಗೆ: ತಾಳ ಹಾಕುವ ಮೆಟ್ರೊನೋಮ್ ಆ್ಯಪನ್ನು ನಿಮ್ಮ ಗುರಿಗೆ, ಮೇಲಿನ ಲೆಕ್ಕದಲ್ಲಾದರೆ 168ಕ್ಕಿಟ್ಟು, ಸಮತಟ್ಟಿನ ನಿಧಾನ ಓಟದಲ್ಲಿ ಒಂದು ನಿಮಿಷ ಅದರ ತಾಳಕ್ಕೆ, ಎರಡು ನಿಮಿಷ ಆ್ಯಪ್ ಬಂದ್ ಮಾಡಿ ನಿಮ್ಮಷ್ಟಕ್ಕೆ. ಇಂಥ ಆರು ಸುತ್ತು, ವಾರಕ್ಕೆ ಎರಡು ಮೂರು ದಿನ. ಎರಡು ವಾರದ ಮೇಲೆ ಒಂದು ನಿಮಿಷವನ್ನು ಐದಕ್ಕೆ ಏರಿಸಿ. ಆರರಿಂದ ಎಂಟು ವಾರದಲ್ಲಿ ನಿಧಾನ ಓಟವೆಲ್ಲ ಹೊಸ ದರಕ್ಕೆ ಬಂದಿರುತ್ತದೆ, ತಾಳ ಬೇಕಾಗುವುದಿಲ್ಲ. ಹೆಚ್ಚಿನವರು ಎಡವುವುದು ಒಂದೇ ಕಡೆ: ತಾಳ ಏರಿದ ಕೂಡಲೇ ವೇಗವನ್ನೂ ಏರಿಸುತ್ತಾರೆ. ಹೆಜ್ಜೆ ಗಿಡ್ಡವಾಗದೆ ದರ ಮಾತ್ರ ಹೆಚ್ಚಿದರೆ ಉಸಿರು ಹತ್ತುತ್ತದೆ, ಪಾದ ಮೊದಲಿನಷ್ಟೇ ಮುಂದೆ ಬೀಳುತ್ತದೆ. ಗಡಿಯಾರದಲ್ಲಿ ವೇಗ ನೋಡುತ್ತಾ ಇರಿ, ಅಥವಾ ಮಳೆಗಾಲದಲ್ಲಿ ಹೇಗೂ ಟ್ರೆಡ್‌ಮಿಲ್ ಗತಿಯಾಗುವುದರಿಂದ ಅಲ್ಲಿ ವೇಗ ಕಟ್ಟಿಹಾಕಿ ಅಭ್ಯಾಸ ಮಾಡಿ. ಟ್ರೆಡ್‌ಮಿಲ್ಲಿನ ಇನ್ನೊಂದು ಉಪಕಾರ ಸದ್ದು. ಬೆಲ್ಟಿನ ಮೇಲೆ ದಬದಬ ಕೇಳಿಸುತ್ತಿದ್ದರೆ ಅದನ್ನು ತಗ್ಗಿಸಲು ನೋಡಿ, ದೇಹ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಸದ್ದು ತಗ್ಗಿಸಲು ತುದಿಗಾಲಿಗೆ ಹೋಗಬಾರದು ಅಷ್ಟೆ.

ಮುಂದಕ್ಕೆ ವಾಲಿ ಎನ್ನುತ್ತಾರಲ್ಲ, ಅದು ಪಾದದ ಕೀಲಿನಿಂದ ತಲೆಯವರೆಗೆ ಒಂದೇ ಗೆರೆಯಾಗಿ ಬರುವ ತುಸು ವಾಲುವಿಕೆ. ಸೊಂಟದಿಂದ ಬಗ್ಗಿದರೆ ಪೃಷ್ಠ ಹಿಂದೆ ಹೋಗಿ, ಸಮತೋಲಕ್ಕೆ ಕಾಲು ಮತ್ತೆ ಮುಂದೆ ಚಾಚುತ್ತದೆ. ಒಂದು ದಿನಕ್ಕೆ ಒಂದೇ ಸೂಚನೆ ಮನಸ್ಸಿನಲ್ಲಿರಲಿ. ತಾಳ, ಸದ್ದು, ವಾಲುವಿಕೆ, ಕೈಬೀಸು ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದವರ ಓಟ ಮರಗಟ್ಟುತ್ತದೆ.

ಏರುದಾರಿ ಇಲ್ಲಿ ಉಚಿತ ಗುರು. ಕದ್ರಿಯ ಏರಿನಲ್ಲೋ ಲೈಟ್‌ಹೌಸ್ ಹಿಲ್ ರಸ್ತೆಯಲ್ಲೋ ಮೇಲಕ್ಕೆ ಓಡಿದರೆ ಚಾಚು ಹೆಜ್ಜೆ ಹಾಕುವುದೇ ಕಷ್ಟ, ಪಾದ ದೇಹದ ಕೆಳಗೇ ಬೀಳುತ್ತದೆ. ಆ ಅನುಭವವನ್ನು ಸಮತಟ್ಟಿಗೆ ತಂದುಕೊಳ್ಳಬಹುದು. ಇಳಿಜಾರು ಇದಕ್ಕೆ ತದ್ವಿರುದ್ಧ. ಮಣಿಪಾಲದಿಂದ ಇಂದ್ರಾಳಿ ಕಡೆಗೆ ಇಳಿಯುವಾಗ ಹೆದರಿಕೆಯಿಂದ ಹಿಂದಕ್ಕೆ ವಾಲಿ ಹಿಮ್ಮಡಿಯಿಂದ ತಡೆಯುತ್ತಾ ಹೋಗುವವರ ತೊಡೆ ಎರಡು ದಿನ ನೋಯುತ್ತದೆ. ಇಳಿಯುವಾಗ ಹೆಜ್ಜೆ ಇನ್ನೂ ಗಿಡ್ಡ, ಇನ್ನೂ ಚುರುಕು ಇರಬೇಕು. ಹೊಸ ಕ್ರಮ ಕೂರುವವರೆಗೆ ಉದ್ದ ಇಳಿಜಾರು ನಡೆದೇ ಇಳಿದರೂ ಮಾನ ಹೋಗುವುದಿಲ್ಲ.

ಮೀನಖಂಡ ಒಪ್ಪಿದರೆ ಮಾತ್ರ ಮುಂಗಾಲು

ನೋವಿಲ್ಲದೆ ಓಡುತ್ತಿರುವವರು ಪಾದ ಊರುವ ಭಾಗ ಬದಲಿಸುವುದು ಬೇಡ, ಇದು ನನ್ನ ಖಚಿತ ಅಭಿಪ್ರಾಯ. ಅಕಿಲಿಸ್ ನೋವೋ, ಬೆಳಗ್ಗಿನ ಮೊದಲ ಹೆಜ್ಜೆಗೆ ಚುಚ್ಚುವ ಹಿಮ್ಮಡಿ ನೋವೋ ಇದ್ದವರಂತೂ ಮುಂಗಾಲಿನ ತಂಟೆಗೇ ಹೋಗಬಾರದು. ಬದಲಾಯಿಸುವುದರಿಂದ ಲಾಭ ಕಾಣುವವರು ಮೊಣಗಂಟಿನ ಚಿಪ್ಪಿನ ಸುತ್ತ ಮತ್ತೆಮತ್ತೆ ನೋವು ಬರುವವರು. ಅವರಿಗೂ ಮೊದಲ ಮದ್ದು ಹೆಜ್ಜೆ ದರವೇ. ಅದರಲ್ಲಿ ಗುಣ ಕಾಣದಿದ್ದರೆ ಮಾತ್ರ ಮುಂದಿನ ಮಾತು.

ಅದಕ್ಕೊಂದು ಪರೀಕ್ಷೆ ಉಂಟು. ಗೋಡೆಗೆ ಬೆರಳು ತಾಗಿಸಿಕೊಂಡು, ಮೊಣಗಂಟು ನೆಟ್ಟಗಿಟ್ಟು, ಒಂಟಿ ಕಾಲಲ್ಲಿ ಹಿಮ್ಮಡಿ ಪೂರ್ತಿ ಎತ್ತಿ ಇಳಿಸಿ. ಎರಡೂ ಕಾಲಲ್ಲಿ ಪ್ರತ್ಯೇಕವಾಗಿ 25 ಸಲ ಸರಿಯಾಗಿ ಆಗಬೇಕು. ಹದಿನೈದರ ನಂತರ ಎತ್ತರ ಕುಗ್ಗುತ್ತಾ ಬಂದರೆ ಅದು ಲೆಕ್ಕಕ್ಕಿಲ್ಲ. ಆಗದವರು ದಿನ ಬಿಟ್ಟು ದಿನ ಮೂರು ಸುತ್ತು, ಸುತ್ತಿಗೆ 12ರಿಂದ 15, ಏರಲು ಎರಡು ಸೆಕೆಂಡು ಇಳಿಯಲು ಮೂರು ಸೆಕೆಂಡಿನಂತೆ ಮಾಡಲಿ. ಅರ್ಧವನ್ನು ಮೊಣಗಂಟು ನೆಟ್ಟಗಿಟ್ಟು, ಇನ್ನರ್ಧವನ್ನು ಮಡಚಿ. ಮಡಚಿದಾಗ ಕೆಲಸ ಬೀಳುವುದು ಒಳಗಿನ ಸೋಲಿಯಸ್ ಸ್ನಾಯುವಿಗೆ, ದೂರದ ಓಟದ ಕೂಲಿಯಾಳು ಅದೇ. ಸಲೀಸಾದಮೇಲೆ ಬೆನ್ನಿನ ಚೀಲಕ್ಕೆ ಐದು ಕೆಜಿ ಕುಚ್ಚಲಕ್ಕಿ ಹಾಕಿಕೊಂಡು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಮಾಡಿ. ಮಳೆಗಾಲದಲ್ಲಿ ಹೊರಗಿನ ಕೆಂಪುಕಲ್ಲಿನ ಮೆಟ್ಟಿಲು ಪಾಚಿ ಹಿಡಿದಿರುತ್ತದೆ, ಒಳಗಿನದೇ ಆಗಲಿ.

ಓಟದಲ್ಲಿ ಬದಲಾವಣೆ ಇದಕ್ಕಿಂತ ನಿಧಾನ. ಮೊದಲ ವಾರ ಮಾಮೂಲು ಓಟದ ಶುರುವಿಗೆ, ಕಾಲು ದಣಿಯುವ ಮೊದಲು, ಒಟ್ಟು ಐದು ನಿಮಿಷ, ದಿನ ಬಿಟ್ಟು ದಿನ. ವಾರಕ್ಕೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಸೇರಿಸಬೇಡಿ. ಗುರಿ ಇಡಬೇಕಾದ್ದು ನಡುಪಾದಕ್ಕೆ. ಕಿರುಬೆರಳ ಬುಡದ ಹೊರಅಂಚು ಮುಟ್ಟಿದ ಕೂಡಲೇ ಹಿಮ್ಮಡಿಯೂ ಹಗುರಾಗಿ ನೆಲ ತಾಗಬೇಕು. ಹಿಮ್ಮಡಿ ಗಾಳಿಯಲ್ಲೇ ಉಳಿದರೆ ಮೀನಖಂಡಕ್ಕೆ ವಿರಾಮವೇ ಇರುವುದಿಲ್ಲ, ಮೇಲೆ ಹೇಳಿದ ಕಲ್ಲು ಕಟ್ಟುವುದು ಅದರಿಂದಲೇ.

ಇದೇ ಹೊತ್ತಿಗೆ ಶೂ ಬದಲಿಸಬೇಡಿ. ಶೂವಿನ ಡ್ರಾಪ್ ಎಂದರೆ ಹಿಮ್ಮಡಿಯ ಕೆಳಗಿನ ದಪ್ಪದಿಂದ ಮುಂಗಾಲಿನ ಕೆಳಗಿನ ದಪ್ಪ ಕಳೆದರೆ ಉಳಿಯುವ ಅಳತೆ. 10 ಮಿಲಿಮೀಟರಿನ ಶೂನಿಂದ 4ರದ್ದಕ್ಕೆ ಇಳಿದರೆ ಹಿಮ್ಮಡಿ 6 ಮಿಲಿಮೀಟರ್ ಕೆಳಗಿಳಿದು ಅಕಿಲಿಸ್ ಅಷ್ಟು ಹೆಚ್ಚು ಎಳೆಯಲ್ಪಡುತ್ತದೆ. ಶೂ, ಹೆಜ್ಜೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ನೋವು ಬಂದಾಗ ಯಾವುದರದ್ದೆಂದು ಹೇಳುವುದು ಹೇಗೆ?

ಮರಳು ಮೆತ್ತಗೆ, ಹಾಗಾಗಿ ಕಾಲಿಗೆ ಒಳ್ಳೆಯದು ಎಂದು ಪಣಂಬೂರಿಗೋ ಮಲ್ಪೆಗೋ ಹೋಗಿ ಬರಿಗಾಲಲ್ಲಿ ಐದು ಕಿಲೋಮೀಟರ್ ಓಡುವುದು ಅಕಿಲಿಸ್ ಕೆಡಿಸಿಕೊಳ್ಳುವ ಹತ್ತಿರದ ದಾರಿ. ಒಣ ಮರಳಿನಲ್ಲಿ ಹಿಮ್ಮಡಿ ಹುಗಿದು ಟೆಂಡನ್ ಅತಿಯಾಗಿ ಎಳೆಯುತ್ತದೆ, ತಳ್ಳಿದ ಬಲ ಮರಳಿನಲ್ಲೇ ಕರಗುತ್ತದೆ. ಗಟ್ಟಿ ನೆಲಕ್ಕಿಂತ ಅಲ್ಲಿ ಓಡಲು ಸುಮಾರು 1.6 ಪಟ್ಟು ಶಕ್ತಿ ಬೇಕು. ಓಡಲು ತಕ್ಕದ್ದು ನೀರಿಳಿದಾಗ ಸಿಗುವ ಒದ್ದೆಯ ಗಟ್ಟಿ ಪಟ್ಟಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಈ ಭಾನುವಾರ ಬೆಳಗ್ಗೆ ಸಿಕ್ಕ ಪಟ್ಟಿ ಮುಂದಿನ ಭಾನುವಾರ ಅದೇ ಗಂಟೆಗೆ ನೀರಿನಡಿ ಇರಬಹುದು. ಆ ಪಟ್ಟಿಯೂ ಸಮುದ್ರದ ಕಡೆ ಓರೆ, ಹೋಗುವಾಗ ಒಂದು ಕಾಲು ತಗ್ಗಿನಲ್ಲಿ. ಹೋದಷ್ಟೇ ದೂರ ಅದೇ ಪಟ್ಟಿಯಲ್ಲಿ ವಾಪಸು ಬಂದರೆ ಲೆಕ್ಕ ಸರಿಯಾಗುತ್ತದೆ. ಬರಿಗಾಲೇ ಬೇಕೆಂದರೆ ಹತ್ತು ನಿಮಿಷ, ಬಲೆಯ ತುಂಡು, ಗಾಳ, ಬಾಟಲಿ ಚೂರು ನೋಡಿಕೊಂಡು. ಮನೆಯಲ್ಲೂ ದೇವಸ್ಥಾನದಲ್ಲೂ ಬರಿಗಾಲಲ್ಲಿ ನಡೆದು ಅಭ್ಯಾಸ ಉಂಟು ಎಂಬ ಧೈರ್ಯ ಬೇಡ, ನಡಿಗೆಯ ಭಾರಕ್ಕೂ ಓಟದ ಭಾರಕ್ಕೂ ಹೋಲಿಕೆಯಿಲ್ಲ. ಅಬೆಬೆ ಬಿಕಿಲ 1960ರಲ್ಲಿ ರೋಮ್ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದರು, ಸರಿ. 1964ರಲ್ಲಿ ಟೋಕಿಯೊದಲ್ಲಿ ಗೆದ್ದದ್ದು ಶೂ ಹಾಕಿಕೊಂಡು, ಅದೂ ಮೂರು ನಿಮಿಷ ಕಡಿಮೆ ಸಮಯದಲ್ಲಿ.

ಸಿಟಿಯ ಕಾಂಕ್ರೀಟ್ ರಸ್ತೆಯ ಬಗ್ಗೆ ದೂರು ಬಹಳ. ಕಾಲು ನೆಲದ ಗಡಸಿಗೆ ತಕ್ಕಂತೆ ತನ್ನ ಬಿಗಿ ಹೊಂದಿಸಿಕೊಳ್ಳುತ್ತದೆ, ಅಷ್ಟು ಹೆದರಬೇಕಾಗಿಲ್ಲ. ಅದಕ್ಕಿಂತ ರಸ್ತೆಯಂಚಿನ ಓರೆ ಮತ್ತು ಇಂಟರ್‌ಲಾಕ್ ಫುಟ್‌ಪಾತಿನ ಎದ್ದ ಕಲ್ಲು ಅಪಾಯ. ಜೂನ್ ಬಂದರೆ ಅದರ ಮೇಲೆ ಪಾಚಿ ಬೇರೆ. ಚಾಚು ಹೆಜ್ಜೆಯ ಹಿಮ್ಮಡಿ ಅಲ್ಲಿ ಜಾರುವಷ್ಟು ಬೇರೆಲ್ಲೂ ಜಾರದು.

ನೋವಿನ ವಿಷಯದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಹೊಸ ಕ್ರಮದ ಮೊದಲ ವಾರಗಳಲ್ಲಿ ಮೀನಖಂಡ ಎರಡೂ ಕಾಲಲ್ಲಿ ಒಂದೇ ಸಮನೆ ಬಿಗಿದು ಎರಡು ದಿನದಲ್ಲಿ ಬಿಟ್ಟರೆ ಅದು ಕೆಲಸದ ನೋವು, ಒಂದು ದಿನ ಹೆಚ್ಚು ಬಿಡುವು ಕೊಟ್ಟು ಮುಂದುವರಿಯಿರಿ. ಅಕಿಲಿಸ್ ಬೆಳಗ್ಗೆ ಬಿಗಿಯುವುದು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಎರಡು ವಾರ ಹಳೆಯ ಓಟಕ್ಕೇ ಮರಳಿ, ಹಿಮ್ಮಡಿ ಎತ್ತುವ ವ್ಯಾಯಾಮ ಮಾತ್ರ ಇರಲಿ. ಪಾದದ ಮೇಲ್ಭಾಗದಲ್ಲಿ, ಎರಡನೆಯ ಮೂರನೆಯ ಬೆರಳಿನ ಉದ್ದೆಲುಬಿನ ಮೇಲೆ, ಒಂದೇ ಬೆರಳಿಟ್ಟು ತೋರಿಸಬಹುದಾದಂಥ ನೋವು ಇದ್ದು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಅದು ಚುಚ್ಚುತ್ತಿದ್ದರೆ ಆವತ್ತೇ ಓಟ ನಿಲ್ಲಿಸಿ ಮೂಳೆ ಡಾಕ್ಟರರ ಹತ್ತಿರ ಹೋಗಿ. ಒತ್ತಡದ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣಿಸದೇ ಇರಬಹುದು. ಎಕ್ಸ್‌ರೇ ಸರಿ ಉಂಟು ಎಂದ ಮಾತ್ರಕ್ಕೆ ಮರುದಿನ ಓಡಲು ಇಳಿಯಬೇಡಿ, ನೋವು ಹಾಗೇ ಇದ್ದರೆ ಎಂಆರ್‌ಐ ಬೇಕೇ ಎಂದು ಅವರನ್ನೇ ಕೇಳಿ.